ಅರ್ಧ ನೀರುಳ್ಳಿ ಕೈಗೆ ಕೊಟ್ಟರೆ

ಸಿಟ್ಟಿಗೂ ಕ್ಲಾಸ್ ಉಂಟು ಎಂದು ಧಣಿಗಳು ಹೇಳಿದಾಗ ನಾನು ಕಾಯಿ ತುರಿಯುತ್ತಿದ್ದೆ. ತುರಿಯುವುದನ್ನು ನಿಲ್ಲಿಸಲಿಲ್ಲ. ಈ ಕಡೆ ನಗುವುದಕ್ಕೂ ಕ್ಲಾಸ್ ಉಂಟು. ಡೊಂಬಿವಲಿಯ ಗಾರ್ಡನ್ನಿನಲ್ಲಿ ಬೆಳಿಗ್ಗೆ ಮುದುಕರು ಕೈ ಎತ್ತಿ ಹೋ ಹೋ ಎಂದು ನಗುವುದನ್ನು ನಾನು ನೋಡಿದ್ದೇನೆ. ಸಿಟ್ಟಿಗೂ ಒಂದು ಇದ್ದರೆ ಇರಲಿ. ಆದರೆ ಧಣಿಗಳು ಮುಂದೆ ಹೇಳಿದ ಮಾತಿಗೆ ಕೈ ನಿಂತಿತು. ದೋಸೆ ಕಾವಲಿಯವಳ ಜೊತೆ ಆ ಕ್ಲಾಸಿಗೆ ನಾನೂ ಹೋಗಬೇಕಂತೆ.

ನಮ್ಮ ಹೋಟೆಲಿನ ಅಡುಗೆಮನೆ ತುರ್ಭೆಯಲ್ಲಿ, ಕಾರ್ಖಾನೆಗಳ ನಡುವೆ. ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಹಮಾಲರು, ಫ್ಯಾಕ್ಟರಿಯವರು, ಟೆಂಪೋದವರು ಎಲ್ಲ ಒಟ್ಟಿಗೆ ಬಂದು ಬೀಳುತ್ತಾರೆ. ಅವರಿಗೆ ಬೇಕಾದದ್ದು ದೋಸೆ. ಅಡುಗೆಮನೆಯ ಉಸ್ತುವಾರಿ ನನ್ನದು. ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಕಾವಲಿಯಲ್ಲಿ ನಿಲ್ಲುವವಳು ಕಲಬುರ್ಗಿ ಕಡೆಯವಳು. ದಿವಾದಲ್ಲಿ ಮನೆ. ಗಂಡ ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಲೋಡಿಂಗ್ ಕೆಲಸ ಮಾಡಿ ಅಲ್ಲಿಯೇ ಮಲಗುತ್ತಾನೆ, ರಜೆ ಸಿಕ್ಕಿದರೆ ಮನೆಗೆ ಬರುತ್ತಾನೆ. ದೋಸೆ ಹೊಯ್ಯುವುದರಲ್ಲಿ ಅವಳಿಗೆ ಸಮನಾದವರನ್ನು ನಾನು ನೋಡಿಲ್ಲ. ಮೂರು ಬೆರಳಲ್ಲಿ ಸೌಟು ಹಿಡಿದು ತಿರುಗಿಸಿದರೆ ಅಂಚಿನವರೆಗೂ ಒಂದೇ ದಪ್ಪ. ಆದರೆ ಸಿಟ್ಟು ಬಂದರೆ ಎಸೆಯುವುದೂ ಅದೇ ಕೈ.

ಆ ಸಲ ಸಿಟ್ಟು ಬಂದದ್ದು ಹಿಟ್ಟಿನವನ ಮೇಲೆ. ಹಿಟ್ಟಿನವನೆಂದರೆ ಗ್ರೈಂಡರ್ ನೋಡಿಕೊಳ್ಳುವವನು, ನಮ್ಮ ಕುಂದಾಪುರ ಕಡೆಯವನು, ನಾಲಗೆ ಉದ್ದ. ಅವನು ಏನೋ ಅಂದ. ಅವಳ ಸೌಟು ಹಾರಿ ಅವನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಮರುಕ್ಷಣ ಅವಳು ತನ್ನ ಮುಂಗೈಯನ್ನು ಕಾದ ಕಾವಲಿಯ ಅಂಚಿಗೆ ತಾನೇ ಒತ್ತಿದಳು. ನಾನು ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಮುಲಾಮು ಹಚ್ಚುವ ನರ್ಸ್ ಕೈ ನೋಡಿದಳು, ಮುಖ ನೋಡಿದಳು, ತಾಗಿದ್ದೋ ತಾಗಿಸಿಕೊಂಡದ್ದೋ ಎಂದು ಕೇಳಿದಳು. ಇವಳು ಸುಳ್ಳು ಹೇಳಲಿಲ್ಲ. ಅಲ್ಲಿಂದ ಒಬ್ಬ ಡಾಕ್ಟರು, ಆ ಡಾಕ್ಟರಿಂದ ಠಾಣೆ ಊರಿನ ಒಬ್ಬ ಮೇಡಂ. ಆ ಮೇಡಂ ನಡೆಸುವುದು ಈ ಕ್ಲಾಸ್.

ಧಣಿಗಳ ಮಾತು ಖಡಾಖಡಿ. ಇನ್ನೊಂದು ಸಲ ಈ ಅಡುಗೆಮನೆಯಲ್ಲಿ ಏನಾದರೂ ಹಾರಿದರೆ ಅವಳು ಮನೆಗೆ. ಕ್ಲಾಸಿನ ನಿಯಮ, ಸಿಟ್ಟು ಬರುವಾಗ ಹತ್ತಿರ ಇರುವವರೊಬ್ಬರು ಜೊತೆಗೆ ಬರಬೇಕು. ಗಂಡನಿಗೆ ಬಿಡುವಿಲ್ಲ. ಹಾಗಾಗಿ ನಾನು. ಹೋಗಿ ನೋಡಿ, ಇದರಿಂದ ಉಪಯೋಗ ಉಂಟೋ ಇಲ್ಲವೋ ನನಗೆ ಹೇಳಿ, ಎಂದರು ಧಣಿಗಳು.

ಠಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಸಭಾಗೃಹದ ಮೇಲಿನ ಕೋಣೆ. ಗುರುವಾರ ಮಧ್ಯಾಹ್ನ. ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ. ಒಬ್ಬ ರಿಕ್ಷಾದವನು ಹೆಂಡತಿಯ ಜೊತೆ, ಬ್ಯಾಂಕಿನ ಹೆಂಗಸೊಬ್ಬಳು ತಂಗಿಯ ಜೊತೆ, ಇನ್ನೂ ಕೆಲವರು. ಮೇಡಂ ಬಂದಾಗ ನಾನು ಎದ್ದು ಹೋಗುವುದೆಂದು ಮಾಡಿದೆ. ನಾನು ಉಟ್ಟ ಸೀರೆಗೆ ಅವಳಿಗಿಂತ ಹೆಚ್ಚು ವಯಸ್ಸು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಧಾರವಾಡದ ಕಡೆ. ಕನ್ನಡದಲ್ಲಿ ಶುರು ಮಾಡಿ, ಮರಾಠಿಯಲ್ಲಿ ನಡೆಸಿ, ಹಿಂದಿಯಲ್ಲಿ ಮುಗಿಸುತ್ತಾಳೆ. ಎಲ್ಲರಿಗೂ ಅರ್ಥವಾಗುತ್ತಿತ್ತು ಎನ್ನುವುದು ಬೇರೆ ಮಾತು.

ಅವಳು ಉಪದೇಶ ಮಾಡಲಿಲ್ಲ. ಒಂದು ಬೋಗುಣಿ ಇಟ್ಟಳು, ನೀರು ಹೊಯ್ದಳು, ಬರ್ಫದ ಗಡ್ಡೆ ಹಾಕಿದಳು. ಹಾರ್ಟಿನ ತೊಂದರೆ ಯಾರಿಗೆ, ಬಿಪಿ ಮಾತ್ರೆ ಯಾರಿಗೆ ಎಂದು ಒಬ್ಬೊಬ್ಬರನ್ನೂ ಕೇಳಿದಳು. ನಾನು ಮಾತ್ರೆ ತಿನ್ನುವವಳು. ನಿಮಗೆ ಬೇಡ ಮೌಶಿ, ಡಾಕ್ಟರನ್ನು ಕೇಳದೆ ಮಾಡಬಾರದು ಎಂದಳು. ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಉಳಿದವರು ಉಸಿರು ಹಿಡಿದು ಮುಖವನ್ನು ಆ ನೀರಿನಲ್ಲಿ ಇಡಬೇಕು, ಆದಷ್ಟು ಹೊತ್ತು. ನಮ್ಮವಳು ಇಟ್ಟಳು. ಎದ್ದಾಗ ಹುಬ್ಬಿನಿಂದ ನೀರು ಸುರಿಯುತ್ತಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡು, “ಎದಿ ಬಡಿಯೂದು ಇಳೀತ್ರಿ ದೊಡ್ಡಮ್ಮ,” ಎಂದಳು. ಅವಳಿಗೇ ಆಶ್ಚರ್ಯ.

ತಣ್ಣೀರು ಮುಖಕ್ಕೆ ತಾಗಿ ಉಸಿರು ನಿಂತರೆ ಎದೆಯ ಬಡಿತ ತಾನಾಗಿಯೇ ನಿಧಾನವಾಗುತ್ತದಂತೆ. ಮೈಯೇ ಮಾಡುವ ಕೆಲಸ ಅದು, ಮನಸ್ಸನ್ನು ಕೇಳುವುದಿಲ್ಲ. ಇದರಿಂದ ಸಿಟ್ಟು ಹೋಗುತ್ತದೆ ಎಂದು ಮೇಡಂ ಹೇಳಲಿಲ್ಲ. ತಲೆ ಕೆಲಸ ಮಾಡುವಷ್ಟು ಸಮಯ ಸಿಗುತ್ತದೆ ಎಂದಳು, ಅಷ್ಟೇ. ಹೆಚ್ಚು ಹೇಳದವರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ. ಎದ್ದು ಹೋಗುವುದನ್ನು ಆ ವಾರಕ್ಕೆ ಮುಂದೆ ಹಾಕಿದೆ.

ಮುಂದಿನ ವಾರದ ಪಾಠ ನನಗೇ ಕಷ್ಟವಾಯಿತು. ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು, ಮನಸ್ಸು ಸೇರಿಸಿದ್ದನ್ನು ಬಿಡಬೇಕು. ಮೇಡಂ ನನ್ನನ್ನೇ ಹಿಡಿದಳು. ಹಿಟ್ಟಿನವನ ಬಗ್ಗೆ ಹೇಳಿ ಎಂದಳು. ಅವನು ಸೊಕ್ಕಿನವನು ಎಂದೆ.

“ಸೊಕ್ಕು ಎಲ್ಲಿ ಕಂಡಿತು ಮೌಶಿ? ಯಾವ ಬಣ್ಣ?”

“ಬಣ್ಣ ಎಂತ ಬಣ್ಣ? ಅವನ ನಡಿಗೆಯಲ್ಲೇ ಉಂಟು.”

“ನಡಿಗೆ ಕಂಡಿತು. ಸೊಕ್ಕು ನೀವು ಹಾಕಿದ್ದು. ಏನು ಮಾಡಿದ, ಅಷ್ಟು ಹೇಳಿ, ಬಸ್.”

ಹಿಟ್ಟಿನ ಬಾಲ್ದಿ ತಂದಿಟ್ಟ, ಮಾತಾಡದೆ ಹೋದ ಎಂದೆ. ಹೇಳಿದ ಮೇಲೆ ನನ್ನ ಬಾಯಿಯಲ್ಲಿ ಏನೋ ಕಡಿಮೆಯಾದ ಹಾಗಾಯಿತು, ಉಪ್ಪು ಹಾಕದ ಪಲ್ಯದ ಹಾಗೆ. ರಿಕ್ಷಾದವನು ನಕ್ಕ. ಅವನ ಸರದಿ ಬಂದಾಗ ಅವನಿಗೂ ಬರಲಿಲ್ಲ.

ಕಾವಲಿಯವಳಿಗೆ ಮಾತ್ರ ಬಂತು. ಸಿಟ್ಟು ಏರುತ್ತದೆ, ಏರಿದ್ದು ಇಳಿಯುತ್ತದೆ, ನಡುವೆ ನಾವು ಏನೂ ಮಾಡದೆ ನಿಂತರೆ ಸಾಕು ಎಂದು ಮೇಡಂ ಸಮುದ್ರದ ಅಲೆಯ ಚಿತ್ರ ತೋರಿಸಿದಳು. ಕಲಬುರ್ಗಿಯವಳಿಗೆ ಅಲೆ ಎಲ್ಲಿಂದ ಗೊತ್ತು? ಅವಳು ಸ್ವಲ್ಪ ಹೊತ್ತು ನೋಡಿ, ಇದು ದಿವಾ ಸ್ಟೇಷನ್ ಎಂದಳು. ಗಾಡಿ ನಿಂತಾಗ ಜೀವ ಹೋಗುವಷ್ಟು ನೂಕುತ್ತಾರೆ, ಗಾಡಿ ಬಿಟ್ಟ ಮೇಲೆ ಅದೇ ಜನ ಅದೇ ಡಬ್ಬದಲ್ಲಿ ಸುಮ್ಮನೆ ನಿಂತಿರುತ್ತಾರೆ, ಆ ನೂಕಿನಲ್ಲಿ ಕಂಬ ಹಿಡಿದುಕೊಂಡರೆ ಆಯಿತು, ಅಷ್ಟೇ ಅಲ್ಲವೇ ಎಂದಳು. ಮೇಡಂ ಅಲೆಯ ಚಿತ್ರವನ್ನು ಮಡಚಿಟ್ಟಳು. ಮುಂದಿನ ವಾರದಿಂದ ಎಲ್ಲರಿಗೂ ದಿವಾ ಎಂದೇ ಹೇಳಿದಳು.

ಹೀಗೆ ಸರಿಯಾಗಿ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ ಕೆಟ್ಟಿತು.

ಒಂದು ಸೋಮವಾರ, ಹೊರಗೆ ಸಾಲು ನಿಂತಿತ್ತು. ದೋಸೆಗಳು ಕಾವಲಿಯಲ್ಲೇ ಹರಿದುಹೋಗುತ್ತಿದ್ದವು. ಎರಡು ಪ್ಲೇಟು ವಾಪಸ್ ಬಂತು. ಅವಳು ಹಿಟ್ಟು ಸರಿ ಇಲ್ಲ ಎಂದಳು. ಹಿಟ್ಟಿನವನು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ. ಅವಳ ಬೆರಳು ಸೌಟಿನ ಮೇಲೆ ಬಿಗಿಯಾಯಿತು. ನಾನು ನೋಡಿದೆ. ಆಮೇಲೆ ಅವಳು ಸೌಟನ್ನು ಕೆಳಗಿಟ್ಟು, ಕಲಿಸಿದ ಹಾಗೆಯೇ, ಮಾತಾಡದೆ ಹಿಂದಿನ ಬಾಗಿಲ ಹತ್ತಿರ ಬರ್ಫದ ಪೆಟ್ಟಿಗೆಯ ಕಡೆ ಹೋದಳು.

ವಾಪಸ್ ಬರುವಾಗ ಕಾವಲಿಯಲ್ಲಿ ಹಿಟ್ಟಿನವನು ನಿಂತಿದ್ದ.

ಇದನ್ನು ಹೋಟೆಲಿನವರಲ್ಲದವರಿಗೆ ಹೇಳಬೇಕು. ಗಿರಾಕಿ ಇರುವಾಗ ಕಾವಲಿ ಬಿಟ್ಟು ಹೋಗಬಾರದು. ಬಿಟ್ಟು ಹೋದರೆ ಪಕ್ಕದವನು ಹಿಡಿಯಬಹುದು, ಹಿಡಿದರೆ ಅದು ಅವನದ್ದು. ಉಡುಪಿ ಕಡೆಯ ಹಳೆಯ ಭಟ್ಟರ ಜೊತೆ ಬಂದ ಪದ್ಧತಿ ಅದು, ಎಲ್ಲಿಯೂ ಬರೆದಿಲ್ಲ, ಯಾರೂ ಮೀರುವುದಿಲ್ಲ. ಕಾವಲಿಯವರಿಗೆ ಅಡುಗೆಮನೆಯಲ್ಲಿ ಒಂದು ತೂಕ ಉಂಟು. ಹಿಟ್ಟಿನವನಿಗೆ ಆ ಜಾಗದ ಮೇಲೆ ಎಷ್ಟೋ ದಿನದಿಂದ ಕಣ್ಣಿತ್ತು. ಪದ್ಧತಿಯ ಪ್ರಕಾರ ಅವನದ್ದು ತಪ್ಪಲ್ಲ.

“ಆ ಕಡೆ ಸರೀರಿ,” ಎಂದಳು ಅವಳು.

“ಬಿಟ್ಟದ್ದು ನೀನಲ್ವಾ ಮಹಾರಾಣಿ?” ಎಂದ ಅವನು.

ಅವಳು ಎಪ್ರನ್ ಬಿಚ್ಚಿ ಮೊಳೆಗೆ ಹಾಕಿ, ತರಕಾರಿ ಹೆಚ್ಚುವಲ್ಲಿ ಹೋಗಿ ಕುಳಿತಳು. ಅವನ ದೋಸೆ ಚಾಪೆಯಷ್ಟು ದಪ್ಪ. ಆದರೂ ವಾರವಿಡೀ ಅದನ್ನೇ ಬಡಿಸಿದೆವು. ಗುರುವಾರ ಅವಳನ್ನು ಕರೆದೆ. ಬರುವುದಿಲ್ಲ ಎಂದಳು. “ಕ್ಲಾಸ್ ನನ್ನ ಕಾವಲಿ ತಿಂತ್ರಿ ದೊಡ್ಡಮ್ಮ. ಮೊದಲು ಸಿಟ್ಟಿತ್ತು, ಕಾವಲಿನೂ ಇತ್ತು.”

ನಾನೊಬ್ಬಳೇ ಹೋದೆ. ಜಗಳಕ್ಕೇ ಹೋದದ್ದು. ನಿಮ್ಮ ಪಾಠ ಕೇಳಿ ಹುಡುಗಿಯ ಹೊಟ್ಟೆಯ ದಾರಿ ಹೋಯಿತು ಎಂದು ಬಾಗಿಲಲ್ಲೇ ನಿಂತು ಹೇಳಿದೆ. ಮೇಡಂ ಕುಳಿತುಕೊಳ್ಳಿ ಎನ್ನಲಿಲ್ಲ, ಸಮಾಧಾನ ಮಾಡಲಿಲ್ಲ. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. “ಏನಾದರೂ ಎಸೆದಳಾ?”

ಇಲ್ಲ ಎಂದೆ.

“ಕೈ ಸುಟ್ಟುಕೊಂಡಳಾ?”

ಇಲ್ಲ ಎಂದೆ. ಬಾಗಿಲಲ್ಲಿ ನಿಂತಲ್ಲೇ ನನಗೆ ತಿಳಿಯಿತು. ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಸಂಗತಿ ನಡೆದಿತ್ತು, ಯಾರೂ ನೋಡಲಿಲ್ಲ.

ಅವಳು ಮಾಡಬೇಕಾದ್ದನ್ನು ಮಾಡಿದ್ದಾಳೆ, ಕಾವಲಿ ಬಿಟ್ಟು ಬಂದರೆ ಅಲ್ಲಿ ಏನಾಗುತ್ತದೆ ಎಂದು ಕೇಳದೆ ಇದ್ದದ್ದು ತನ್ನ ಕಡೆಯಿಂದ ಆದ ತಪ್ಪು ಎಂದಳು ಮೇಡಂ. ನಿಮ್ಮ ಕಿಚನ್ ನೋಡಬಹುದಾ ಎಂದೂ ಕೇಳಿದಳು.

ಬಂದಳು. ಬೆಳಗಿನ ಗಲಾಟೆಗೇ ಬಂದಳು. ಧಣಿಗಳನ್ನು ಕೇಳಿ, ಕೂದಲಿಗೆ ಬಟ್ಟೆ ಕಟ್ಟಿಕೊಂಡು, ತೊಳೆಯುವ ತೊಟ್ಟಿಯ ಮೂಲೆಯಲ್ಲಿ ಯಾರಿಗೂ ಅಡ್ಡವಾಗದ ಹಾಗೆ ನಿಂತಳು. ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಹೊರಗೆ ಹೋಗಲಿಲ್ಲ. ಸಾಲು ಕರಗಿದ ಮೇಲೆ ಕಾವಲಿಯವಳ ಪಕ್ಕದಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತಳು. ಉಪಾಯ ಹೇಳುತ್ತಾಳೆಂದು ನಾನು ಕಾದೆ. ಅವಳು ಕೇಳಿದಳು, ಕಾವಲಿಯಿಂದ ದೂರ ಹೋದರೂ ಬಿಟ್ಟ ಹಾಗೆ ಆಗದಿರುವುದು ಯಾವಾಗಲಾದರೂ ಉಂಟಾ?

ನಮ್ಮವಳು ಬೀನ್ಸ್ ಮುರಿಯುತ್ತಾ ಇದ್ದಳು. ಕೈಯಲ್ಲಿದ್ದದ್ದನ್ನು ಮುರಿದು ಮುಗಿಸಿದಳು. ಆಮೇಲೆ ಹೇಳಿದಳು.

“ಬಿಡೂದು ಬ್ಯಾರೆ, ಹಿಡಿಸೂದು ಬ್ಯಾರೆ. ಮತ್ತೊಬ್ಬರ ಕೈಯಾಗ ಉಳ್ಳಾಗಡ್ಡಿ ಕೊಟ್ಟು ಹೋದ್ರ ಬಿಟ್ಟಂಗಲ್ಲ. ಆದ್ರ ಯಾರ ಕೈಯಾಗ ಕೊಡ್ಲಿ?”

ಅವಳು ಉಳ್ಳಾಗಡ್ಡಿ ಎಂದದ್ದು ನಮ್ಮ ನೀರುಳ್ಳಿ. ಅರ್ಧ ಕತ್ತರಿಸಿದ ನೀರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಪ್ರತಿ ದೋಸೆಗೂ ಮೊದಲು ಕಾವಲಿ ಉಜ್ಜುತ್ತೇವೆ. ಅದು ಯಾರ ಕೈಯಲ್ಲಿ ಉಂಟೋ ಕಾವಲಿ ಅವರದ್ದು. ಕೊಟ್ಟರೆ ಸಾಲ, ವಾಪಸ್ ಕೇಳಿದರೆ ಕೊಡಬೇಕು. ಮಾತೂ ಬೇಕಾಗಿಲ್ಲ. ಸಿಟ್ಟು ಬಂದ ಬಾಯಿಗೆ ಅದು ಅನುಕೂಲ.

“ನನ್ನ ಕೈಯಲ್ಲಿ ಕೊಡು,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಹೇಳಿದ ಮೇಲೆ ಯೋಚಿಸಿದೆ. ನಾನು ಕಾವಲಿಯಲ್ಲಿ ನಿಲ್ಲದೆ ವರ್ಷಗಳಾಗಿದ್ದವು. ಮೊಣಕಾಲು ಬೇರೆ. ಧಣಿಗಳ ಹತ್ತಿರ ಹೋಗಿ ಹೇಳಿದೆ: ಅವಳು ಕಾವಲಿಗೆ ವಾಪಸ್ ಬರುತ್ತಾಳೆ, ಸಿಟ್ಟು ಬಂದರೆ ನೀರುಳ್ಳಿ ನನಗೆ ಕೊಟ್ಟು ಹೋಗುತ್ತಾಳೆ, ಅವಳು ಬರುವವರೆಗೆ ನಾನು ನಿಲ್ಲುತ್ತೇನೆ, ಬೇರೆ ಯಾರೂ ಮುಟ್ಟುವಂತಿಲ್ಲ.

“ದೊಡ್ಡಮ್ಮ, ಇದು ಹೋಟೆಲು, ಆಶ್ರಮ ಅಲ್ಲ,” ಎಂದರು ಧಣಿಗಳು.

“ಆಶ್ರಮವಾದರೆ ಅವನ ದೋಸೆ ನಡೀತಿತ್ತು,” ಎಂದೆ.

ಅವರೂ ಆ ವಾರ ಅದೇ ದೋಸೆ ತಿಂದಿದ್ದರು. ಆಗಲಿ, ಈ ತಿಂಗಳು ಮುಗಿಯುವವರೆಗೆ ನೋಡುವ, ಆದರೆ ಏನಾದರೂ ಹಾರಿದರೆ ನನ್ನ ಮಾತು ಮಾತೇ ಎಂದರು. ಹಿಟ್ಟಿನವನು ಗ್ರೈಂಡರಿಗೆ ವಾಪಸ್ ಹೋಗುವಾಗ, “ಮೇಡಂ ಕ್ಲಾಸಿನಲ್ಲಿ ಪಾಸಾ ಫೇಲಾ?” ಎಂದು ಅವಳನ್ನು ಕೇಳಿದ. ಅವಳು ಮೊಳೆಯಿಂದ ಎಪ್ರನ್ ತೆಗೆದು ಕಟ್ಟಿಕೊಂಡಳು. ನನ್ನ ಬಾಯಿಗೆ ಬಂದದ್ದನ್ನು ನಾನು ನುಂಗಿದೆ.

ನೀರುಳ್ಳಿ ನನ್ನ ಕೈಗೆ ಬಂತು, ಮೊದಲ ವಾರವೇ ಮತ್ತೆ ಮತ್ತೆ ಬಂತು. ನನ್ನ ದೋಸೆ ದುಂಡಗಾಗುತ್ತಿರಲಿಲ್ಲ. ಇದು ಯಾವ ರಾಜ್ಯದ ನಕಾಶೆ ಎಂದು ಹಮಾಲನೊಬ್ಬ ಕೇಳಿದ. ತಿನ್ನು ಎಂದೆ. ತಿಂದ. ಅವಳು ಮುಖ ಒದ್ದೆ ಮಾಡಿಕೊಂಡು ಬಂದು ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ. ಏನಾಯಿತು ಎಂದು ಕೇಳಬಾರದು, ಭೇಷ್ ಎನ್ನಬಾರದು, ಸಪ್ಪೆ ಮುಖ ಮಾಡಬಾರದು ಎಂದು ಮೇಡಂ ನನಗೆ ಹೇಳಿದ್ದಳು. ಅದು ನನಗೆ ಸುಲಭ. ಗುರುವಾರ ಅವಳೂ ಮತ್ತೆ ಕ್ಲಾಸಿಗೆ ಬರತೊಡಗಿದಳು.

ಆದರೆ ಸಿಟ್ಟು ಬರುವ ಕಾರಣ ಹಾಗೇ ಉಳಿದಿತ್ತು. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಅವನು ಹಾಗೆಯೇ ತಂದಿಡುತ್ತಿದ್ದ. ತಣ್ಣಗಿನ ಹಿಟ್ಟು ಕಾವಲಿಯಲ್ಲಿ ಹರಡುವುದಿಲ್ಲ, ಸೌಟಿಗೆ ಹತ್ತಿ ದೋಸೆ ಹರಿದುಹೋಗುತ್ತದೆ. ಅದನ್ನು ಅವನಿಗೆ ಹೇಳಬೇಕು. ಅಡುಗೆಮನೆಯ ಯಜಮಾನಿಯಾಗಿ ನಾನು ಹೇಳಿದ್ದರೆ ಒಂದು ನಿಮಿಷದ ಕೆಲಸ. ಬೇಡ, ಅವಳೇ ಕೇಳಬೇಕು ಎಂದಳು ಮೇಡಂ. ಕೇಳುವುದಕ್ಕೂ ಒಂದು ಕ್ರಮ ಹೇಳಿಕೊಟ್ಟಳು. ಮೊದಲು ನಡೆದದ್ದು. ಆಮೇಲೆ ಅದರಿಂದ ನನಗೆ ಆದದ್ದು. ಆಮೇಲೆ ನನಗೆ ಬೇಕಾದದ್ದು. ಕೊನೆಗೆ ಅದರಿಂದ ಅವನಿಗೂ ಏನು ಲಾಭ. “ಯಾವಾಗಲೂ” ಎನ್ನುವ ಮಾತು ಬಾಯಿಗೆ ಬರಬಾರದು. ಎದುರಿನವನ ಮಾತಿನಲ್ಲಿ ನಿಜ ಇದ್ದರೆ ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗಬೇಕು.

ಕ್ಲಾಸಿನಲ್ಲಿ ಅಭ್ಯಾಸಕ್ಕೆ ನಾನು ಹಿಟ್ಟಿನವನಾದೆ. ಸೊಂಟಕ್ಕೆ ಕೈ ಕೊಟ್ಟು, ಎಂತ ಮಹಾರಾಣಿ, ಇವತ್ತು ಯಾರ ಮೇಲೆ ಸೌಟು, ಎಂದೆ. ರಿಕ್ಷಾದವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಅವಳು ನಗಲಿಲ್ಲ. ಅರ್ಧಕ್ಕೆ ನಿಲ್ಲಿಸಿದಳು, ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ನಿಲ್ಲಿಸಿದಳು. ಲೋಕಲ್ ರೈಲಿನಲ್ಲಿ ಬರುವಾಗಲೂ ತುಟಿ ಆಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತವಳು ಯಾವ ದೇವರ ಜಪ ಎಂದು ನನ್ನನ್ನು ಕೇಳಿದಳು. ಇಷ್ಟು ಕಷ್ಟಪಟ್ಟು ಯಾರಾದರೂ ನಾಲ್ಕು ಮಾತು ಕಲಿತದ್ದನ್ನು ನಾನು ನೋಡಿಲ್ಲ.

ತಿಂಗಳ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ, ಮೊದಲ ಸಾಲು ಬರುವ ಮೊದಲು, ಅವನು ಬಾಲ್ದಿ ತಂದಿಟ್ಟು ತಿರುಗಿದ. ಅವಳು ಕರೆದಳು.

“ಅಣ್ಣಾರ, ಒಂದ್ ಮಾತು. ಹಿಟ್ಟ ಫ್ರಿಜ್ಜಿನ್ಯಾಗಿಂದ ಸೀದಾ ಬಂದ್ರ ದೋಸಿ ಹರೀತದ. ನಿನ್ನೆ ಮೂರು ಪ್ಲೇಟ್ ವಾಪಸ್ ಬಂತು. ನನಗ ಅವಮಾನ ಆಗ್ತದ.”

ಅವನು ನಿಂತ. ಅವನ ಮುಖ ಬೇರೆಯಾಯಿತು.

“ಅವಮಾನ ನಿನಗಾ? ಸೌಟು ನನ್ನ ಕಿವಿ ಹತ್ರ ಬಡಿಯಿತಲ್ಲ, ಆ ದಿನ ನನಗೆ ಎಂತ ಆಯ್ತು ಅಂತ ಕೇಳಿದ್ದಾರಾ ಯಾರಾದ್ರೂ?”

ನಿಜವಾಗಿ ಯಾರೂ ಕೇಳಿರಲಿಲ್ಲ. ಅವಳ ಕುತ್ತಿಗೆಯ ನರ ಎದ್ದಿತು. ನಾನು ಕ್ಲಾಸಿನಲ್ಲಿ ಹೇಳಿದ ಯಾವ ಮಾತಿಗಿಂತಲೂ ಇದು ಗಟ್ಟಿ ಮಾತು. ಸೌಟು ಅವಳ ಕೈಯಲ್ಲೇ ಇತ್ತು. ಧಣಿಗಳು ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಎದ್ದು ಬಾಗಿಲಿಗೆ ಬಂದು ನಿಂತದ್ದೂ ನನಗೆ ಕಂಡಿತು. ಅವಳಿಗೂ ಕಂಡಿರಬೇಕು.

ಅವಳು ಸೌಟು ಕೆಳಗಿಟ್ಟಳು. ನೀರುಳ್ಳಿಯನ್ನು ನನ್ನ ಅಂಗೈಯಲ್ಲಿಟ್ಟು ಹಿಂದಕ್ಕೆ ಹೋದಳು.

ನಾನು ಕಾವಲಿಗೆ ನಿಂತೆ. ಸಾಲು ಬಂತು. ಹಿಟ್ಟಿನವನು ಹೋಗಬಹುದಿತ್ತು, ಹೋಗಲಿಲ್ಲ. ಬಾಲ್ದಿಯ ಹತ್ತಿರವೇ ನಿಂತಿದ್ದ. ನನ್ನ ನಕಾಶೆಗಳು ಒಂದೊಂದಾಗಿ ಹೊರಗೆ ಹೋದವು. ಈ ಸಲ ಅವಳು ಬರುವುದು ತಡವಾಯಿತು. ಹಿಂದಿನ ಬಾಗಿಲಿನಿಂದ ನೇರ ತುರ್ಭೆ ಸ್ಟೇಷನ್ನಿಗೆ ಹೋದಳೋ ಎಂದುಕೊಂಡೆ.

ಬಂದಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ಕೈ ಚಾಚಿದಳು, ಕೊಟ್ಟೆ. ಕಾವಲಿ ಉಜ್ಜಿದಳು. ಒಂದು ದೋಸೆ ಹೊಯ್ದಳು. ಆಮೇಲೆ ಅವನ ಕಡೆ ತಿರುಗಿದಳು.

“ಆವತ್ತು ಸೌಟ ನಿಮ್ಮ ಕಿವಿ ಬಾಜೂಕ ಬಡೀತು. ನೀವು ಅಂಜಿದ್ರಿ. ಅದು ಖರೇ ಐತಿ. ತಪ್ಪು ನಂದು. ಈಗ ಹಿಟ್ಟಿನ ಮಾತು ಮುಗಸ್ತೀನಿ, ಕೇಳ್ತೀರಿ?”

ಅವನು ಧಣಿಗಳ ಕಡೆ ನೋಡಿದ, ನನ್ನ ಕಡೆ ನೋಡಿದ. ಸಹಾಯ ಎಲ್ಲಿಯೂ ಸಿಗಲಿಲ್ಲ.

“ಹೇಳು,” ಎಂದ.

“ಬಾಲ್ದಿ ಸ್ವಲ್ಪ ಮೊದಲ ಹೊರಗ ತೆಗದಿಡ್ರಿ. ದೋಸಿ ವಾಪಸ್ ಬರಲಿಲ್ಲಂದ್ರ ನಿಮಗೂ ಹೆಚ್ಚಿಗಿ ರುಬ್ಬೂದು ತಪ್ತದ.”

ಅಷ್ಟೇ. ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಹಿಡಿದಳು, ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ನಡುವೆ ಅಷ್ಟು ದೊಡ್ಡ ಸಿಟ್ಟು ಬಂದು ಹೋಗಿತ್ತು. ದಿವಾದಲ್ಲಿ ಗಾಡಿ ನಿಂತು ಬಿಟ್ಟ ಹಾಗೆ.

“ಇದನ್ನು ಹೇಳ್ಲಿಕ್ಕೆ ಇಷ್ಟೆಲ್ಲ ಉಂಟಾ ಮಾರಾಯ್ತಿ?” ಎಂದು ಅವನು ಗೊಣಗಿದ. ಮರುದಿನ ನಾನು ಬರುವ ಹೊತ್ತಿಗೆ ಬಾಲ್ದಿ ಹೊರಗಿತ್ತು, ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಅವನು ಈಗಲೂ ಮಹಾರಾಣಿ ಎಂದೇ ಕರೆಯುತ್ತಾನೆ. ಅವಳಿಗೆ ಈಗಲೂ ಸಿಟ್ಟು ಬರುತ್ತದೆ. ಸ್ನೇಹವಾಯಿತು ಎಂದು ನಾನು ಹೇಳುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತಿದ್ದೇನೆ.

ತಿಂಗಳು ಮುಗಿದಾಗ ಧಣಿಗಳು ಕಾವಲಿಯ ಮುಂದೆಯೇ ನಿಂತು ಒಂದು ದೋಸೆ ತಿಂದರು. ಪ್ಲೇಟು ಇಟ್ಟು, ಕಾವಲಿ ಅವಳದ್ದೇ ಇರಲಿ ಎಂದರು. ಕ್ಲಾಸಿನಿಂದ ಉಪಯೋಗ ಉಂಟಾ ಎಂದು ನನ್ನನ್ನು ಕೇಳಲು ಮರೆತರು. ನಾನೂ ನೆನಪಿಸಲಿಲ್ಲ. ಕೇಳಿದ್ದರೆ ಉಂಟು ಎನ್ನುತ್ತಿದ್ದೆ. ನನ್ನ ಸೀರೆಗಿಂತ ಚಿಕ್ಕವಳೊಬ್ಬಳು ನಮ್ಮ ಹೊಗೆಯಲ್ಲಿ ನಿಂತು ಕಲಿಸಿದಳು, ಕಲಿಯಲಾರದಷ್ಟು ಕಷ್ಟದ್ದನ್ನು ಇನ್ನೊಬ್ಬಳು ಕಲಿತಳು ಎನ್ನುತ್ತಿದ್ದೆ.

ಆ ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಿ ಲೇಡೀಸ್ ಡಬ್ಬ ಹತ್ತಿದೆವು. ಇಬ್ಬರಿಗೂ ಕುಳಿತುಕೊಳ್ಳಲು ಜಾಗ ಸಿಕ್ಕಿತು. ನನ್ನ ಎದುರು ಪರ್ಸ್ ಹಿಡಿದ ಹೆಂಗಸೊಬ್ಬಳು ಮೂಗಿಗೆ ಸೆರಗು ಹಿಡಿದುಕೊಂಡು ಮರಾಠಿಯಲ್ಲಿ, ಇಷ್ಟು ನೀರುಳ್ಳಿ ವಾಸನೆ ಇರುವವರು ಲಗೇಜ್ ಡಬ್ಬಕ್ಕೆ ಹೋಗಬೇಕು ಎಂದಳು. ನನ್ನ ಕಿವಿ ಬಿಸಿಯಾಯಿತು. ಅವಳಿಗೆ ಹೇಳಬೇಕಾದ ಮಾತು ನನ್ನ ನಾಲಗೆಯ ತುದಿಗೆ ಬಂದು ಸಿದ್ಧವಾಗಿ ನಿಂತಿತು, ಅದು ಒಳ್ಳೆಯ ಮಾತಾಗಿರಲಿಲ್ಲ.

ಪಕ್ಕದಿಂದ ಒಂದು ಕೈ ಬಂತು. ಮುಂಗೈಯಲ್ಲಿ ಹಳೆಯ ಸುಟ್ಟ ಕಲೆ. ಅಂಗೈ ಮೇಲೆ ಮಾಡಿ ಚಾಚಿದ್ದಳು. ಮುಖ ಗಂಭೀರ, ಕಣ್ಣಲ್ಲಿ ನಗು.

“ಕೊಡ್ರಿ ದೊಡ್ಡಮ್ಮ, ಉಳ್ಳಾಗಡ್ಡಿ ಕೊಡ್ರಿ.”

ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಕೊಟ್ಟೆ.